ವರ್ಷದ ಗುರಿಯೂ ಇಚ್ಛೆಯ ಪರಿಮಾಣವೂ

ಶ್ರೀ ವರ್ಧಮಾನಸ್ವಾಮಿಯು ಪಾವಾಪುರಿಯಲ್ಲಿ ನಿರ್ವಾಣವನ್ನೈದಿದ ದಿನದಿಂದ ವೀರನಿರ್ವಾಣ ಸಂವತ್ಸರದ ಗಣನೆ ಮೊದಲಾಗುವುದು. ಅದು ಕ್ರಿ.ಪೂ. ೫೨೭ ಎಂಬುದು ಸಂಪ್ರದಾಯದ ಲೆಕ್ಕ. ೧೯೭೪ರಲ್ಲಿ ಎರಡು ಸಾವಿರದ ಐನೂರನೆಯ ನಿರ್ವಾಣ ಮಹೋತ್ಸವವು ದೇಶದಾದ್ಯಂತ ನೆರವೇರಿದುದನ್ನು ಹಿರಿಯ ವಾಚಕರು ಮರೆತಿರಲಾರರು. ಉತ್ತರದವರು ಕಾರ್ತಿಕ ಕೃಷ್ಣ ಎಂದು ಕರೆಯುವ ಆ ತಿಥಿಯನ್ನೇ ನಾವು ಆಶ್ವಯುಜ ಬಹುಳ ಅಮಾವಾಸ್ಯೆ ಎನ್ನುತ್ತೇವೆ. ಮಾಸದ ಹೆಸರು ಬೇರೆ, ದಿನ ಒಂದೇ. ಅಂದು ಬೆಳಗ್ಗೆ ನಿರ್ವಾಣಪೂಜೆಯನ್ನು ಮುಗಿಸಿ, ಸಂಜೆ ಗೌತಮ ಗಣಧರರ ಕೇವಲಜ್ಞಾನವನ್ನು ಸ್ಮರಿಸಿ ದೀಪವನ್ನು ಹಚ್ಚಿ, ವ್ಯಾಪಾರದಲ್ಲಿರುವ ಶ್ರಾವಕರು ಹೊಸ ಲೆಕ್ಕದ ಪುಸ್ತಕಕ್ಕೆ ಅರಿಶಿನ ಕುಂಕುಮವಿಟ್ಟು ಮೊದಲ ಪುಟದಲ್ಲಿ ಶ್ರೀಕಾರವನ್ನು ಬರೆಯುವರು. ಸರ್ಕಾರದ ವರ್ಷ ಏಪ್ರಿಲ್ ಒಂದರಂದು ಆರಂಭವಾದರೂ, ಬಹುಪಾಲು ಲೆಕ್ಕಗಳು ಈಗ ಗಣಕಯಂತ್ರದಲ್ಲಿಯೋ ಮೊಬೈಲಿನಲ್ಲಿಯೋ ಇದ್ದರೂ, ಈ ಕೆಂಪು ಬಟ್ಟೆಯ ಪುಸ್ತಕದ ಪೂಜೆಯು ಅನೇಕ ಮನೆಗಳಲ್ಲಿ ಉಳಿದುಬಂದಿದೆ.

ಇತ್ತೀಚೆಗೆ ಆ ಮೊದಲ ಪುಟದಲ್ಲಿ ಶ್ರೀಕಾರದ ಕೆಳಗೆ ಮತ್ತೊಂದು ಬರಹವೂ ಸೇರಿಕೊಳ್ಳುತ್ತಿದೆ. ಅದು ಈ ವರ್ಷದ ಗುರಿ. ಕಳೆದ ವರ್ಷ ಮೂವತ್ತು ಲಕ್ಷದ ಮಾರಾಟ, ಈ ವರ್ಷ ನಲವತ್ತು. ದಸರೆಯ ಹೊತ್ತಿಗೆ ಎರಡನೆಯ ಮಳಿಗೆ. ಐದು ವರ್ಷದಲ್ಲಿ ಇಷ್ಟು. ಬ್ಯಾಂಕಿನವರು ಸಾಲ ಕೊಡುವಾಗ ಇಂಥದೊಂದು ಕಾಗದವನ್ನು ಕೇಳುತ್ತಾರೆ, ತರಬೇತಿ ಶಿಬಿರಗಳಲ್ಲಿ ಇದನ್ನೇ ಕಲಿಸುತ್ತಾರೆ. ತರುಣರು ಹೀಗೆ ಬರೆಯುವುದನ್ನು ಕಂಡು ಕೆಲವು ಹಿರಿಯರು ಮುಖ ಸಿಂಡರಿಸುವುದುಂಟು. ಅಣುವ್ರತಗಳನ್ನು ಸ್ವೀಕರಿಸಿದ ಶ್ರಾವಕನು ಹೀಗೆ ಗುರಿಯನ್ನು ಬರೆದಿಟ್ಟುಕೊಳ್ಳಬಹುದೇ? ಅದು ಸಂಕಲ್ಪವೆನಿಸುವುದೋ, ನಿದಾನವೆಂಬ ಶಲ್ಯವೆನಿಸುವುದೋ? ಈ ಪ್ರಶ್ನೆಯನ್ನು ಇಲ್ಲಿ ವಿಚಾರಿಸಬೇಕೆಂದು ಅಪೇಕ್ಷಿಸಿದ್ದೇನೆ.

ಯೋಜನೆಯೇ ದೋಷವೆಂಬ ವಾದವನ್ನು ಮೊದಲು ಬದಿಗಿಡಬೇಕು. ಇಲ್ಲಿ ಕೈವಾರದಲ್ಲಿ ಆ ವಾದವನ್ನು ಮಂಡಿಸುವವರು ತಾತಯ್ಯನವರ ಹೆಸರನ್ನೇ ಎತ್ತುವರು. ಯೋಗಿ ನಾರೇಯಣರು ೧೭೨೬ರಲ್ಲಿ ಜನಿಸಿ ೧೮೩೬ರವರೆಗೆ ಬಾಳಿದರೆಂದು ಪರಂಪರೆ ಹೇಳುತ್ತದೆ. ಕುಲವೃತ್ತಿಯಾಗಿ ಬಳೆಯ ಮಲಾರವನ್ನು ಹೊತ್ತು ಊರೂರು ತಿರುಗಿದವರು. ವ್ಯಾಪಾರದಲ್ಲಿ ಅವರ ಮನಸ್ಸು ನಿಲ್ಲಲಿಲ್ಲವೆಂದು ಜನ ಇಂದಿಗೂ ಹೇಳುತ್ತಾರೆ. ಅನ್ಯಮತದ ಆ ಸಂತರಲ್ಲಿ ನಮ್ಮ ಸೀಮೆಯ ಜೈನರಿಗೂ ಗೌರವವುಂಟು. ಆದರೆ ಅವರ ನಿದರ್ಶನದಿಂದ ಸಿದ್ಧವಾಗುವುದೇನು? ಮನಸ್ಸು ನಿಲ್ಲದ ಮೇಲೆ ಅವರು ಮಲಾರವನ್ನು ಇಳಿಸಿದರು. ಮಲಾರವನ್ನು ಹೊತ್ತುಕೊಂಡೇ ಇದ್ದು, ಸಾಲ ಕೊಟ್ಟ ಸಗಟು ವ್ಯಾಪಾರಿಯನ್ನೂ ಕಾಯುತ್ತಿರುವ ಹೆಂಡತಿ ಮಕ್ಕಳನ್ನೂ ಮರೆತು, ಇದು ವೈರಾಗ್ಯವೆಂದು ಹೇಳಿಕೊಳ್ಳುವವನಿಗೆ ಅವರ ಆಸರೆ ದೊರೆಯದು. ಲೆಕ್ಕವಿಡದ ಅಂಗಡಿಕಾರನ ನಷ್ಟವನ್ನು ಭರಿಸುವವರು ಸಾಮಾನ್ಯವಾಗಿ ಬೇರೆಯವರೇ. ಮುನಿಯ ಅನಪೇಕ್ಷೆ ಬೇರೆ, ಗೃಹಸ್ಥನ ಅಜಾಗರೂಕತೆ ಬೇರೆ.

ನಿದಾನದ ಮಾತು ಹೀಗಲ್ಲ. ಮಾಯೆ, ಮಿಥ್ಯಾತ್ವ, ನಿದಾನ ಎಂಬ ಮೂರು ಶಲ್ಯಗಳನ್ನು ಕಿತ್ತೆಸೆದವನೇ ವ್ರತಿಯೆಂದು ಆಗಮವು ಹೇಳುವುದು. ನಿದಾನವೆಂದರೆ ವ್ರತತಪಗಳಿಗೆ ಪ್ರತಿಫಲವಾಗಿ ಭೋಗವನ್ನು ಬಯಸುವುದು. ಅಂಗಡಿಯವನು ಅಂಗಡಿಯ ದುಡಿಮೆಯಿಂದ ಲಾಭವನ್ನು ನಿರೀಕ್ಷಿಸಿದರೆ ಅದು ಲೋಭದ ವಿಷಯವಾದೀತು, ನಿದಾನದ್ದಲ್ಲ. ಆದರೆ ಅಷ್ಟಮಿ ಚತುರ್ದಶಿಗಳ ಪ್ರೋಷಧೋಪವಾಸವನ್ನು ಮಾಡುವಾಗ, ಈ ವರ್ಷ ವ್ಯಾಪಾರ ಕೈಹತ್ತಲಿ ಎಂದು ಮನಸ್ಸಿನಲ್ಲಿ ಇಟ್ಟುಕೊಂಡರೆ, ಅಥವಾ ಎರಡನೆಯ ಮಳಿಗೆ ತೆರೆದರೆ ಇಷ್ಟು ಉಪವಾಸವೆಂದು ಹರಕೆ ಹೊತ್ತರೆ, ಅದು ನಿಸ್ಸಂದೇಹವಾಗಿ ನಿದಾನ. ಈ ಪತ್ರಿಕೆಯ ವಾಚಕರಲ್ಲಿ ಉಪವಾಸವನ್ನು ಶ್ರದ್ಧೆಯಿಂದ ಆಚರಿಸುವವರೇ ಹೆಚ್ಚು. ಆದ್ದರಿಂದ ಇದನ್ನು ಸ್ವಲ್ಪ ಕಟುವಾಗಿಯೇ ಹೇಳುತ್ತಿದ್ದೇನೆ. ಗುರಿಯನ್ನು ಲೆಕ್ಕದ ಪುಸ್ತಕದಲ್ಲಿ ಬರೆದವನಿಗಿಂತ, ಅದನ್ನು ಉಪವಾಸದೊಳಗೆ ಬಚ್ಚಿಟ್ಟವನೇ ಹೆಚ್ಚು ಕೆಡುಕನ್ನು ಮಾಡಿಕೊಂಡಿರುತ್ತಾನೆ.

ಹಾಗಾದರೆ ಗುರಿಗೂ ವ್ರತಕ್ಕೂ ಇರುವ ಭೇದವೇನು? ಗುರಿಯು ಕೆಳಗಿನ ಗೆರೆ: ಇದಕ್ಕಿಂತ ಕಡಿಮೆಯಾಗಬಾರದು. ವ್ರತವು ಮೇಲಿನ ಗೆರೆ: ಇದಕ್ಕಿಂತ ಹೆಚ್ಚಾಗಬಾರದು. ಐದನೆಯ ಅಣುವ್ರತವಾದ ಪರಿಗ್ರಹಪರಿಮಾಣಕ್ಕೆ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇಚ್ಛಾಪರಿಮಾಣವೆಂಬ ಮತ್ತೊಂದು ಹೆಸರನ್ನೂ ಕೊಟ್ಟಿದ್ದಾರೆ. ಅಳೆಯಬೇಕಾದುದು ಉಗ್ರಾಣವನ್ನಲ್ಲ, ಇಚ್ಛೆಯನ್ನು ಎಂಬುದು ಆ ಹೆಸರಿನಿಂದಲೇ ತಿಳಿಯುವುದು. ಮೇಲಿನ ಗೆರೆಯೊಂದನ್ನು ಎಳೆದವನು ಅದರ ಕೆಳಗೆ ಎಲ್ಲಿಯಾದರೂ ಗುರಿಯ ಗೆರೆಯನ್ನು ಎಳೆದುಕೊಳ್ಳಬಹುದು, ಎರಡಕ್ಕೂ ವಿರೋಧವಿಲ್ಲ. ಕೆಳಗಿನ ಗೆರೆಯೊಂದೇ ಇರುವಲ್ಲಿ ಮಾತ್ರ ತೊಂದರೆ; ಅದು ವರ್ಷಕ್ಕೊಮ್ಮೆ ತಾನೇ ಮೇಲಕ್ಕೆ ಸರಿಯುತ್ತ ಹೋಗುತ್ತದೆ.

ಊಹೆಯ ಒಂದು ಲೆಕ್ಕವನ್ನು ಮಾಡಿ ನೋಡೋಣ. ಉಪಾಧ್ಯಾಯನ ಚಾಳಿ, ವಾಚಕರು ಕ್ಷಮಿಸಬೇಕು. ಚಿಂತಾಮಣಿಯ ಪೇಟೆಯಲ್ಲಿ ಒಂದು ಕಿರಾಣಿ ಅಂಗಡಿ. ವರ್ಷದ ಮಾರಾಟ ೩೦ ಲಕ್ಷ, ಅಂದರೆ ೩೦೦ ದಿನಗಳ ವ್ಯಾಪಾರದಲ್ಲಿ ದಿನಕ್ಕೆ ೧೦,೦೦೦ ರೂಪಾಯಿ. ನೂರಕ್ಕೆ ಹತ್ತರಂತೆ ಉಳಿತಾಯ ೩ ಲಕ್ಷ. ಬಾಡಿಗೆ ೬೦,೦೦೦, ಒಬ್ಬ ಕೆಲಸದ ಹುಡುಗನ ಸಂಬಳ ೧,೨೦,೦೦೦, ವಿದ್ಯುತ್ತು ಮೊದಲಾದುವು ೨೪,೦೦೦ ಕಳೆದರೆ ಉಳಿಯುವುದು ೯೬,೦೦೦. ಮನೆಗೆ ತಿಂಗಳಿಗೆ ಎಂಟು ಸಾವಿರ. ಇದು ಸಾಲದೆಂದು ಹೇಳಿದವನನ್ನು ಲೋಭಿಯೆನ್ನಲು ನಾನು ಸಿದ್ಧನಿಲ್ಲ. ಈ ಆದಾಯವನ್ನು ಇಮ್ಮಡಿಗೊಳಿಸುವೆನೆಂದು ಅವನು ಗುರಿಯಿಟ್ಟನೆನ್ನಿ. ಖರ್ಚು ಹೆಚ್ಚದಿದ್ದರೆ ಇನ್ನೂ ೯,೬೦,೦೦೦ ರೂಪಾಯಿಯ ಮಾರಾಟ, ದಿನಕ್ಕೆ ೩,೨೦೦ ಹೆಚ್ಚು. ಇದು ಎಲ್ಲಿಂದ ಬರಬೇಕು? ಹೊಸ ಗಿರಾಕಿಗಳಿಂದ ಬಂದರೆ ಸಂತೋಷ. ಬಾರದಿದ್ದರೆ? ಅಂಗಡಿಯನ್ನು ರಾತ್ರಿ ಇನ್ನೆರಡು ಗಂಟೆ ತೆರೆದಿಡಬಹುದು. ನಿಂತಿರುವವನು ಆ ಹುಡುಗ. ತೀರಿಸಲಾರದವರಿಗೂ ಉದ್ದರಿ ಕೊಟ್ಟು ಮಾರಬಹುದು. ಇನ್ನೂ ಸುಲಭವಾದ ಮಾರ್ಗವೊಂದುಂಟು: ಕಿಲೋಗೆ ಹತ್ತು ಗ್ರಾಂ ಕಡಿಮೆ ತೂಗುವುದು. ಯಾರ ಕಣ್ಣಿಗೂ ಬೀಳದು. ೨೭ ಲಕ್ಷದ ಸರಕಿನಲ್ಲಿ ನೂರಕ್ಕೊಂದು ಉಳಿದರೆ ೨೭,೦೦೦. ಅವನ ವರ್ಷದ ನಿವ್ವಳ ಆದಾಯದ ಕಾಲು ಭಾಗಕ್ಕಿಂತಲೂ ಹೆಚ್ಚು! ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಹೀನಾಧಿಕ ಮಾನೋನ್ಮಾನವನ್ನು ಉಮಾಸ್ವಾಮಿಗಳು ಹೆಸರಿಸಿ ಹೇಳಿದುದು ಏತಕ್ಕೆಂಬುದು ಈ ಲೆಕ್ಕದಿಂದ ವಿಶದವಾಗುವುದು. ದೊಡ್ಡ ವ್ಯಾಪಾರಿಗಿಂತ ಚಿಕ್ಕ ವ್ಯಾಪಾರಿಗೆ ಹತ್ತು ಗ್ರಾಮಿನ ಪ್ರಲೋಭನೆ ಹೆಚ್ಚು, ಏಕೆಂದರೆ ಅವನ ಉಳಿತಾಯವೇ ಅಷ್ಟು ತೆಳುವು.

ಆದುದರಿಂದ ಗುರಿಯ ಅಂಕಿಯೊಡನೆ ಮಾರ್ಗವನ್ನೂ ಬರೆಯಬೇಕು. ಎಷ್ಟು ಎಂಬುದರ ಎದುರಿಗೆ ಹೇಗೆ, ಯಾರ ಶ್ರಮದಿಂದ ಎಂಬುದನ್ನು ಬರೆಯಲಾರದೆ ಹೋದರೆ, ಆ ಅಂಕಿಯನ್ನು ಅಳಿಸುವುದೇ ಲೇಸು.

ಪರಿಗ್ರಹಪರಿಮಾಣದ ಅತಿಚಾರಗಳನ್ನು ತತ್ತ್ವಾರ್ಥಸೂತ್ರವು ಕ್ಷೇತ್ರ, ವಾಸ್ತು, ಹಿರಣ್ಯ, ಸುವರ್ಣ ಮೊದಲಾದ ವಸ್ತುಗಳ ಮಿತಿ ಮೀರುವುದೆಂದು ಎಣಿಸಿದೆ. ರತ್ನಕರಂಡಕದ ಎಣಿಕೆಯೇ ಬೇರೆ: ಅತಿವಾಹನ, ಅತಿಸಂಗ್ರಹ, ಅತಿವಿಸ್ಮಯ, ಅತಿಲೋಭ, ಅತಿಭಾರವಾಹನ. ಇವುಗಳನ್ನು ಓದುವಾಗ ಆಚಾರ್ಯರು ಸಂತೆಯ ಬೀದಿಯಲ್ಲಿ ನಿಂತು ನೋಡಿ ಬರೆದರೋ ಎನಿಸುವುದು. ಎತ್ತು ನಡೆಯಬಲ್ಲ ದೂರಕ್ಕಿಂತ ಹೆಚ್ಚು ನಡೆಸುವುದು, ಹೊರಬಲ್ಲದ್ದಕ್ಕಿಂತ ಹೆಚ್ಚು ಹೇರುವುದು ಇವೆರಡೂ ಇಂದು ಎತ್ತಿನಿಂದ ಕೆಲಸದ ಹುಡುಗನ ಮೇಲಕ್ಕೆ ಬಂದಿವೆ, ಅಷ್ಟೆ. ಅತಿಸಂಗ್ರಹವೆಂದರೆ ಮುಂದೆ ಬೆಲೆ ಏರುವುದೆಂಬ ಆಸೆಯಿಂದ ಧಾನ್ಯಾದಿಗಳನ್ನು ಕೂಡಿಹಾಕುವುದು. ನಮ್ಮ ಸೀಮೆಯ ಹುಣಸೆಹಣ್ಣು, ಕಡಲೆಕಾಯಿಗಳ ವ್ಯಾಪಾರದಲ್ಲಿ ಇದಕ್ಕೆ ಯಾವಾಗಲೂ ಅವಕಾಶವುಂಟು. ಸುಗ್ಗಿಯಲ್ಲಿ ಕೊಂಡು ಮಳೆಗಾಲದಲ್ಲಿ ಮಾರುವುದೆಲ್ಲವೂ ದೋಷವಲ್ಲ, ಹಾಗೆ ಕೂಡಿಡುವವನಿಲ್ಲದಿದ್ದರೆ ಮಳೆಗಾಲದಲ್ಲಿ ಸರಕೇ ಇರದು. ಎಲ್ಲಿ ಇನ್ನೊಬ್ಬನ ಕೊರತೆಯೇ ನನ್ನ ಯೋಜನೆಯ ಆಧಾರವಾಗುವುದೋ ಅಲ್ಲಿಂದ ಅತಿ ಎಂಬ ಉಪಸರ್ಗ ಆರಂಭವಾಗುವುದೆಂದು ನಾನು ತಿಳಿದಿದ್ದೇನೆ.

ಎಲ್ಲಕ್ಕಿಂತ ಸೂಕ್ಷ್ಮವಾದುದು ಅತಿವಿಸ್ಮಯ. ತಾನು ಸ್ವಲ್ಪ ಲಾಭಕ್ಕೆ ಮಾರಿದ ಸರಕನ್ನೇ ಇನ್ನೊಬ್ಬನು ತಡೆದಿಟ್ಟು ಹೆಚ್ಚು ಲಾಭಕ್ಕೆ ಮಾರಿದಾಗ ಹುಟ್ಟುವ ಬೆರಗು, ಅದರೊಳಗಣ ವಿಷಾದ, ಇದನ್ನೇ ಟೀಕಾಕಾರರು ಅತಿವಿಸ್ಮಯವೆಂದು ವಿವರಿಸುತ್ತಾರೆ. ೨೦೨೩ರ ಜುಲೈ ತಿಂಗಳನ್ನು ನೆನೆದುಕೊಳ್ಳಿ. ಟೊಮೇಟೊ ಕಿಲೋಗೆ ನೂರು ರೂಪಾಯಿಯನ್ನು ದಾಟಿತು. ಕೋಲಾರ ಚಿಕ್ಕಬಳ್ಳಾಪುರ ಸೀಮೆಯಲ್ಲಿ ಯಾರಿಗೆ ಎಷ್ಟು ಬಂತೆಂಬುದೇ ಎಲ್ಲರ ಬಾಯಲ್ಲಿಯೂ ಮಾತು. ಜೂನ್ ಮೊದಲಲ್ಲಿಯೇ ಮಾರಿ ಮುಗಿಸಿದವನು ತನಗೆ ನ್ಯಾಯವಾದ ಬೆಲೆ ಸಿಕ್ಕಿದ್ದರೂ ನಷ್ಟವಾದವನಂತೆ ಪರಿತಪಿಸಿದನು. ಆ ಪರಿತಾಪವನ್ನೇ ಮುಂದಿನ ಯೋಜನೆಯಾಗಿ ಮಾಡಿಕೊಂಡು ಸಾಲ ತೆಗೆದವರೂ ಉಂಟು. ಸೆಪ್ಟೆಂಬರ್ ಹೊತ್ತಿಗೆ ಬೆಲೆ ನೆಲಕ್ಕೆ ಬಿದ್ದಿತ್ತು. ನನ್ನ ಅನುಭವದ ಮಟ್ಟಿಗೆ, ಚಿಕ್ಕ ವ್ಯಾಪಾರಿಯ ಹೊಸವರ್ಷದ ಗುರಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಅವನ ಅಗತ್ಯದಿಂದ ಹುಟ್ಟಿದುವಲ್ಲ. ಎದುರು ಅಂಗಡಿಯವನ ಕಡೆ ನೋಡಿದ್ದರಿಂದ ಹುಟ್ಟಿದುವು. ಆಚಾರ್ಯರು ಅದನ್ನು ಅಸೂಯೆಯ ಪ್ರಕರಣದಲ್ಲಿ ಸೇರಿಸದೆ ಪರಿಗ್ರಹದ ಪ್ರಕರಣದಲ್ಲಿ ಸೇರಿಸಿದುದು ಗಮನಾರ್ಹ. ಇನ್ನೂ ಕೈಗೆ ಬಾರದ, ಬರಲಾರದ ಹಣಕ್ಕೂ ಮಮತ್ವವು ಅಂಟಿಕೊಳ್ಳಬಲ್ಲದು.

ಇಲ್ಲಿ ಆಗ್ರಾದ ಬನಾರಸೀದಾಸರ ನೆನಪಾಗುತ್ತದೆ. ಸಮಯಸಾರ ನಾಟಕವನ್ನು ರಚಿಸಿದ ಈ ಶ್ರಾವಕ ಕವಿ ೧೬೪೧ರಲ್ಲಿ, ಐವತ್ತೈದನೆಯ ವಯಸ್ಸಿನಲ್ಲಿ, ಅರ್ಧಕಥಾನಕವೆಂಬ ತಮ್ಮ ಜೀವನವೃತ್ತಾಂತವನ್ನು ಬರೆದರು. ರತ್ನವನ್ನೂ ಬಟ್ಟೆಯನ್ನೂ ಮಾರಲು ಹೋಗಿ ಕಳೆದುಕೊಂಡುದು, ಕೈಯಲ್ಲಿ ಕಾಸಿಲ್ಲದೆ ಕಚೋರಿ ಮಾರುವವನೊಬ್ಬನ ಉದ್ದರಿಯ ಮೇಲೆ ತಿಂಗಳುಗಟ್ಟಲೆ ಬದುಕಿದುದು, ಎಲ್ಲವನ್ನೂ ಲಾಭದ ವಾರ್ತೆಯನ್ನು ಹೇಳುವ ದನಿಯಲ್ಲಿಯೇ ಹೇಳಿದ್ದಾರೆ. ವ್ಯಾಪಾರಿಯಾದವನು ನಷ್ಟದ ಪುಟವನ್ನೂ ಅದೇ ಅಕ್ಷರದಲ್ಲಿ ಬರೆಯಬಲ್ಲನೆಂಬುದಕ್ಕೆ ಅದು ಸಾಕ್ಷಿ. ಆ ಕಚೋರಿಯವನು ಯಾವ ಗುರಿಯನ್ನಿಟ್ಟುಕೊಂಡು ಉದ್ದರಿ ಕೊಟ್ಟನೋ!

ಪರಿಮಾಣವನ್ನು ಸ್ವೀಕರಿಸಿದವರಲ್ಲಿಯೂ ಅದನ್ನು ಬರಿದಾಗಿಸುವ ಉಪಾಯಗಳಿಗೆ ಕೊರತೆಯಿಲ್ಲ. ಲಕ್ಷ ರೂಪಾಯಿಯ ಬಂಡವಾಳದವನು ಕೋಟಿಗೆ ಮಿತಿಯನ್ನು ಇಟ್ಟುಕೊಂಡರೆ, ಅವನು ಎಳೆದುದು ಗೆರೆಯಲ್ಲ, ದಿಗಂತ. ಮಿತಿಯು ಹತ್ತಿರವಾದೊಡನೆ ಹೆಂಡತಿಯ ಹೆಸರಿಗೆ ನಿವೇಶನ, ಮಗನ ಹೆಸರಿಗೆ ಠೇವಣಿ. ೨೦೨೫ರ ಜುಲೈಯಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಯು.ಪಿ.ಐ. ಜಮೆಗಳನ್ನು ನೋಡಿ, ಸರಕಿನ ವಹಿವಾಟು ವರ್ಷಕ್ಕೆ ೪೦ ಲಕ್ಷದ ಮಿತಿಯನ್ನು ದಾಟಿಯೂ ಜಿ.ಎಸ್.ಟಿ. ನೋಂದಣಿ ಮಾಡಿಸದವರಿಗೆ ನೋಟೀಸು ಕಳುಹಿಸಿತು. ಬೆಂಗಳೂರಿನಲ್ಲಿ ಅನೇಕ ಚಿಕ್ಕ ಅಂಗಡಿಗಳವರು ಕ್ಯೂಆರ್ ಕೋಡಿನ ಹಾಳೆಯನ್ನೇ ಕಿತ್ತು ನಗದು ಮಾತ್ರ ಎಂದು ಬರೆದು ಅಂಟಿಸಿದರು. ಅವರ ಭಯ ನನಗೆ ಅರ್ಥವಾಗದ್ದೇನಲ್ಲ. ಕಾಗದಪತ್ರದ ಜ್ಞಾನವಿಲ್ಲದ ಬಡವರೂ ಅವರಲ್ಲಿದ್ದರು, ಹಳೆಯ ಬಾಕಿಯನ್ನು ವಸೂಲು ಮಾಡುವುದಿಲ್ಲವೆಂದು ಸರ್ಕಾರವೂ ಹೇಳಬೇಕಾಯಿತು. ಆದರೆ ತಿಳಿದೂ ಒಂದು ವಹಿವಾಟನ್ನು ಮೂರು ಖಾತೆಗಳಿಗೆ ಹಂಚಿ ಮಿತಿಯೊಳಗಿದ್ದೇನೆಂದು ತೋರಿಸುವವನು ಸರ್ಕಾರದ ಗೆರೆಯ ವಿಷಯದಲ್ಲಿ ಏನನ್ನು ಅಭ್ಯಾಸ ಮಾಡಿದನೋ ಅದನ್ನೇ ವ್ರತದ ಗೆರೆಯ ವಿಷಯದಲ್ಲಿಯೂ ಮಾಡುವನು. ಕೂಟಲೇಖಕ್ರಿಯೆಗೆ ಎರಡು ಬಗೆಯ ಶಾಯಿ ಇಲ್ಲ.

ಒಂದು ಆಕ್ಷೇಪಕ್ಕೆ ಮಾತ್ರ ಗೌರವದಿಂದ ಉತ್ತರ ಕೊಡಬೇಕು. ರೂಪಾಯಿಯ ಬೆಲೆ ವರ್ಷವರ್ಷವೂ ಇಳಿಯುತ್ತಿದೆ. ಮೂವತ್ತು ವರ್ಷದ ಹಿಂದೆ ಐದು ಲಕ್ಷಕ್ಕೆ ಪರಿಮಾಣ ಮಾಡಿಕೊಂಡವನು ಇಂದು ಆ ಹಣದಲ್ಲಿ ಅಂಗಡಿಗೆ ಮುಂಗಡವನ್ನು ಕೊಡುವುದೂ ಕಷ್ಟ. ಅವನು ಮಿತಿಯನ್ನು ಏರಿಸಿದರೆ ವ್ರತಭಂಗವೇ? ಈ ತೊಡಕು ಹಣವನ್ನೇ ಅಳತೆಗೋಲಾಗಿ ಹಿಡಿದುದರಿಂದ ಬಂದದ್ದು. ಆಗಮದ ಪಟ್ಟಿಯಲ್ಲಿ ಹೊಲ, ಮನೆ, ಬೆಳ್ಳಿ, ಬಂಗಾರ, ದನ, ಧಾನ್ಯ, ವಸ್ತ್ರಪಾತ್ರೆಗಳೆಂದು ವಸ್ತುಗಳನ್ನೇ ಎಣಿಸಿದೆ. ನಮ್ಮ ವ್ಯಾಪಾರಿಯೂ ಹಾಗೆಯೇ ಮಾಡಬಹುದು: ಒಂದು ಮನೆ, ಒಂದು ಅಂಗಡಿ, ಇಷ್ಟು ಗ್ರಾಂ ಬಂಗಾರ, ಒಂದೂವರೆ ತಿಂಗಳ ಮಾರಾಟಕ್ಕೆ ಸಾಲುವಷ್ಟು ಸರಕು, ಮನೆಯ ಎರಡು ವರ್ಷದ ಖರ್ಚಿಗೆ ಸಮನಾದ ಉಳಿತಾಯ. ಬೆಲೆ ಏನಾದರೂ ಆಗಲಿ, ಒಂದು ಅಂಗಡಿ ಒಂದೇ ಅಂಗಡಿ. ಸಾಲ ತಂದು ತುಂಬಿದ ಸರಕೂ ಈ ಲೆಕ್ಕಕ್ಕೆ ಸೇರತಕ್ಕದ್ದು. ಪರಾರ್ಥದ ಹಣವಾದರೂ ನನ್ನದೆಂಬ ಭಾವನೆ ಅದರ ಮೇಲೆ ನಿಂತಿರುತ್ತದೆ.

ಪರಿಮಾಣಕ್ಕಿಂತ ಮೊದಲು ಜಾತಿಯ ಪ್ರಶ್ನೆಯೂ ಉಂಟು, ಯಾವ ಬಗೆಯ ವ್ಯಾಪಾರವೆಂಬುದು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯ ಸುತ್ತ ಸಹಸ್ರಾರು ಕುಟುಂಬಗಳು ಬದುಕುತ್ತಿವೆ. ಹಿಪ್ಪುನೇರಳೆಯಿಂದ ನೂಲಿನವರೆಗೆ ಈ ಸೀಮೆಯ ಅನ್ನವೇ ಅದು. ಆ ನೆರೆಯವರನ್ನು ನಿಂದಿಸುವ ಅಧಿಕಾರ ನಮಗಿಲ್ಲ. ಆದರೆ ಗೂಡಿನೊಳಗಿನ ಹುಳುವನ್ನು ಬಿಸಿಯಿಂದ ಕೊಂದ ಮೇಲೆಯೇ ಎಳೆಯು ತುಂಡಾಗದೆ ಬಿಚ್ಚಿ ಬರುವುದು. ಉದ್ಯೋಗದಲ್ಲಿ ಅನಿವಾರ್ಯವಾಗಿ ಸಂಭವಿಸುವ ಹಿಂಸೆಗೆ ಗೃಹಸ್ಥನಿಗೆ ವಿನಾಯಿತಿಯುಂಟೆಂದು ಹೇಳಿ ಶ್ರಾವಕನೊಬ್ಬನು ನೂಲು ಬಿಚ್ಚಾಣಿಕೆಗೆ ಬಂಡವಾಳ ಹೂಡಲು ಯೋಚಿಸಿದರೆ, ಅಲ್ಲಿ ಕೊಲ್ಲುವುದು ಸಂಭವಿಸುವುದಲ್ಲ, ಕೆಲಸದ ಒಂದು ಹಂತವೇ ಆಗಿದೆಯೆಂದು ತೋರಿಸಿಕೊಡಬೇಕು. ಅಂಥ ವ್ಯಾಪಾರವನ್ನು ಚಿಕ್ಕದಾಗಿ ಮಾಡುವೆನೆಂಬ ಪರಿಮಾಣಕ್ಕೆ ಅರ್ಥವಿಲ್ಲ.

ಯೋಜನೆಗೆ ನಮ್ಮಲ್ಲಿ ಮಾದರಿಯಿಲ್ಲವೆಂದು ತಿಳಿಯಬಾರದು. ಮುನಿಗಳ ಬಾಹ್ಯತಪಗಳಲ್ಲಿ ವೃತ್ತಿಪರಿಸಂಖ್ಯಾನವೆಂಬುದೊಂದು. ಆಹಾರಕ್ಕೆ ಹೊರಡುವ ಮುನ್ನ, ಇಷ್ಟೇ ಮನೆ, ಇಂಥ ಬೀದಿ, ಇಂಥ ಕುರುಹು ಕಂಡರೆ ಮಾತ್ರ ಎಂದು ಮುನಿಯು ಮನಸ್ಸಿನಲ್ಲಿ ನಿಯಮವನ್ನು ಮಾಡಿಕೊಂಡು ಹೊರಡುವನು. ಅದು ಒದಗದಿದ್ದರೆ ಆಹಾರವಿಲ್ಲದೆ ಹಿಂದಿರುಗುವನು. ಯಾರಿಗೂ ಹೇಳನು, ಖೇದಿಸನು. ಲೋಕದ ಯೋಜನೆಗಳೆಲ್ಲ ಹೇಗೆ ಪಡೆಯಬೇಕೆಂಬುದಕ್ಕಾಗಿ. ಈ ಯೋಜನೆ ಯಾವಾಗ ಪಡೆಯಕೂಡದೆಂಬುದಕ್ಕಾಗಿ. ಅಂಗಡಿಯವನು ಮುನಿಯಲ್ಲ, ನಿಜ. ಆದರೂ ಯಾವ ಸರಕನ್ನು ಲಾಭವಿದ್ದರೂ ಇಡುವುದಿಲ್ಲ, ಎಷ್ಟು ಗಂಟೆಯ ಮೇಲೆ ಹುಡುಗನನ್ನು ನಿಲ್ಲಿಸಿಕೊಳ್ಳುವುದಿಲ್ಲ, ಚತುರ್ದಶಿಯಂದು ಎಷ್ಟು ಹೊತ್ತಿಗೆ ಬಾಗಿಲು ಹಾಕುತ್ತೇನೆ ಎಂಬ ಮೂರು ನಾಲ್ಕು ವಾಕ್ಯಗಳನ್ನು ಆ ಮೊದಲ ಪುಟದಲ್ಲಿ ಬರೆಯಲು ಅವನಿಗೆ ಅಡ್ಡಿಯೇನು? ಇದರ ಪಕ್ಕದಲ್ಲಿಯೇ ಇರುವ ಅವಮೌದರ್ಯವೂ ಅಂಥದೇ: ಹಸಿವು ಇನ್ನೂ ಸ್ವಲ್ಪ ಇರುವಾಗಲೇ ತುತ್ತನ್ನು ನಿಲ್ಲಿಸುವುದು. ಪೂರ್ಣ ಉಪವಾಸಕ್ಕಿಂತ ಇದು ಕಷ್ಟವೆಂದು ಆಚರಿಸಿದವರು ಬಲ್ಲರು, ಏಕೆಂದರೆ ತಟ್ಟೆ ಎದುರಿಗೇ ಇರುತ್ತದೆ. ವ್ಯಾಪಾರ ಚೆನ್ನಾಗಿ ನಡೆಯುವಾಗ ಸಾಕೆನ್ನುವುದು ಈ ತಪಸ್ಸಿಗೆ ಸಮೀಪದ್ದು.

ಇದೆಲ್ಲ ಯಾವಜ್ಜೀವದ ಮಾತೇ ಎಂದು ಹಿಂಜರಿಯಬೇಕಾಗಿಲ್ಲ. ಕಾಲದ ಮಿತಿಯುಳ್ಳದ್ದು ನಿಯಮ, ಜೀವವಿರುವವರೆಗಿನದು ಯಮ. ದೇಶಾವಕಾಶಿಕ ಶಿಕ್ಷಾವ್ರತಕ್ಕೆ ಆಚಾರ್ಯರು ಹೇಳುವ ಕಾಲಾವಧಿಗಳಲ್ಲಿ ಪಕ್ಷ, ಮಾಸ, ಋತು, ಅಯನಗಳೊಡನೆ ಸಂವತ್ಸರವೂ ಸೇರಿದೆ. ಈ ದೀಪಾವಳಿಯಿಂದ ಮುಂದಿನ ದೀಪಾವಳಿಯವರೆಗೆ ಚಿಂತಾಮಣಿ ತಾಲ್ಲೂಕಿನ ಹೊರಗೆ ಹೊಸ ವಹಿವಾಟನ್ನು ಹಚ್ಚಿಕೊಳ್ಳುವುದಿಲ್ಲವೆಂದು ಒಬ್ಬನು ನಿಯಮ ಮಾಡಿಕೊಂಡರೆ ಅದು ಸಣ್ಣದೇನಲ್ಲ. ದಿಗ್ವ್ರತದ ಅತಿಚಾರಗಳಲ್ಲಿ ಹಾಕಿಕೊಂಡ ಮೇರೆಯನ್ನು ಮರೆಯುವುದನ್ನೂ ಎಣಿಸಿದ್ದಾರೆ. ಆದುದರಿಂದ ಬರೆದಿಡುವುದು ಆಧುನಿಕರ ಅನುಕರಣೆಯೇನೂ ಅಲ್ಲ, ವ್ರತದ ರಕ್ಷಣೆಯೇ ಆಗಿದೆ. ಮಿತಿಯ ಮೇಲೆ ಉಳಿದುದು ಆಹಾರ, ಔಷಧ, ಶಾಸ್ತ್ರ, ಅಭಯವೆಂಬ ನಾಲ್ಕು ದಾನಗಳಿಗೆ ಹೋಗುವುದೆಂದು ಅದೇ ಪುಟದಲ್ಲಿ ಮೊದಲೇ ಬರೆದಿದ್ದರೆ, ವರ್ಷಾಂತ್ಯದಲ್ಲಿ ಕೈ ನಡುಗುವುದು ಕಡಿಮೆ.

ಮಗನು ಎರಡನೆಯ ಅಂಗಡಿ ಬೇಕೆನ್ನುವಾಗ ಏನು ಮಾಡಬೇಕೆಂದು ವ್ರತಿಗಳಾದ ತಂದೆಯರು ಕೇಳುತ್ತಾರೆ. ತಂದೆಯ ವ್ರತ ಮಗನನ್ನು ಕಟ್ಟಲಾರದು. ಕಟ್ಟಬೇಕೆಂದು ಹಟ ಹಿಡಿದರೆ ಮನೆ ಒಡೆಯುವುದು, ವ್ರತವೂ ಕಷಾಯಕ್ಕೆ ಕಾರಣವಾಗುವುದು. ಲೌಕಿಕ ಆರಂಭಗಳಿಗೆ ಅನುಮತಿಯನ್ನೂ ಕೊಡದಿರುವುದು ಹತ್ತನೆಯ ಪ್ರತಿಮೆಯ ಶ್ರಾವಕನ ಲಕ್ಷಣ. ಎರಡನೆಯ ಪ್ರತಿಮೆಯಲ್ಲಿರುವವನಿಗೆ ಅಷ್ಟನ್ನು ವಿಧಿಸಿಲ್ಲ. ಆದರೆ ತನ್ನ ಮಿತಿ ತುಂಬಿತೆಂದು, ತಾನೇ ಯೋಚಿಸಿ, ತಾನೇ ಹಣ ಹೂಡಿ, ಮಗನ ಕೈಯಿಂದ ಬಾಗಿಲು ತೆಗೆಸಿದರೆ ಅದು ಕಾರಿತ. ಮಾಡಿಸಿದುದು ಮಾಡಿದುದಕ್ಕೆ ಸಮಾನ. ಮಗನು ತನ್ನ ಬುದ್ಧಿಯಿಂದ, ತನ್ನ ಹೊಣೆಯ ಸಾಲದಿಂದ ಹೊರಟರೆ ತಂದೆಯು ತಕ್ಕಡಿಯನ್ನು ಹಿಡಿಯುವ ರೀತಿಯನ್ನು ಹೇಳಿಕೊಟ್ಟು ಸುಮ್ಮನಿರಬಹುದು. ಪರಿಮಾಣವನ್ನು ಬರೆದ ಪುಟದಲ್ಲಿ ತಂದೆಯೊಬ್ಬನ ಸಹಿ ಇರತಕ್ಕದ್ದು. ಮಗನಿಗೆ ಬೇಕಾದ ದಿನ ಬರೆದುಕೊಳ್ಳಲೆಂದು ಎದುರು ಪುಟವನ್ನು ಖಾಲಿ ಬಿಡುವ ಪದ್ಧತಿ ನಮ್ಮ ಕಡೆ ಒಂದೆರಡು ಮನೆಗಳಲ್ಲಿ ಉಂಟು.